ಒಬ್ಬ ಹುಡುಗನ ಅರ್ಜಿ

1856ರ ಜೂನ್ ತಿಂಗಳು. ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಹುಡುಗ ಹೆಸರು ಹಚ್ಚಲು ಹೋದ. ಎಲ್ಲರ ಹಾಗೆ ಫೀ ಕೊಡಲು ಅವನು ತಯಾರಿದ್ದ. ಆದರೆ ಮಹಾರ ಜಾತಿಯವನೆಂಬ ಕಾರಣಕ್ಕೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ತಲೆ ತಗ್ಗಿಸಿ ಮನೆಗೆ ಹೋಗಿ ಕೂಡಲಿಲ್ಲ, ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ಆ ಒಂದು ಅರ್ಜಿಗೆ ಮುಂಬಯಿಯಲ್ಲಿ ಠರಾವಾಯಿತು, ಕಲಕತ್ತೆಯಿಂದ ಪತ್ರ ಬಂತು, ಕೊನೆಗೆ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ತೀರ್ಮಾನ ಕೊಡಬೇಕಾಯಿತು. ಸರಕಾರಿ ಶಾಲೆ ಯಾರದು ಎಂಬ ಪ್ರಶ್ನೆಗೆ ದೊಡ್ಡವರೆಲ್ಲ ಕಾಗದದ ಮೇಲೆ ಉತ್ತರ ಬರೆಯುವ ಹಾಗೆ ಮಾಡಿದವನು ನಮ್ಮ ಧಾರವಾಡದ ಈ ಹುಡುಗ.

ನಾನು ಇದೇ ಜಿಲ್ಲೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಊರಿನ ಜನಕ್ಕೆ ಇಂದಿಗೂ ಅಕ್ಕೋರು. ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಮೆಕಾಲೆಯನ್ನು ಕಲಿಸಿದರು, 1854ರ ವುಡ್ ವರದಿಯನ್ನು ಕಲಿಸಿದರು, ಮಾಂಟೆಸರಿಯನ್ನೂ ಫ್ರೋಬೆಲ್‌ನನ್ನೂ ಕಲಿಸಿದರು. ಆ ಕಾಲೇಜು ಇದ್ದ ಊರಿನಲ್ಲೇ ನಡೆದ ಈ ಸಂಗತಿಯನ್ನು ಮಾತ್ರ ಯಾರೂ ಹೇಳಲಿಲ್ಲ. ನಾನು ಇದನ್ನು ಮೊದಲು ಓದಿದ್ದು ಅಂಬೇಡ್ಕರರ ಬರಹದಲ್ಲಿ. ಅಸ್ಪೃಶ್ಯರ ಶಿಕ್ಷಣದ ಸ್ಥಿತಿಗತಿಯನ್ನು ಸೈಮನ್ ಆಯೋಗದ ಮುಂದೆ ಇಡುವಾಗ ಅವರು ಧಾರವಾಡದ ಈ ಪ್ರಕರಣವನ್ನು ದಾಖಲೆ ಸಮೇತ ವಿವರಿಸಿದ್ದರು. ಓದಿ ಮುಗಿಸಿದ ಮೇಲೆ ನನ್ನ ಮನಸ್ಸಿಗೆ ಬಹಳ ಹೊತ್ತು ಸಮಾಧಾನವಾಗಲಿಲ್ಲ. ಸರಕಾರಿ ಶಾಲೆಯಲ್ಲಿ ಕಲಿಸುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಆಗಿನ ಶಾಲೆ ಹೇಗಿತ್ತು ಎಂಬುದನ್ನು ತುಸು ತಿಳಿದುಕೊಳ್ಳಬೇಕು. 1818ರಲ್ಲಿ ಪೇಶವೆಯವರ ಆಳಿಕೆ ಮುಗಿದು ಧಾರವಾಡ ಇಂಗ್ಲಿಷರ ಕೈಗೆ ಬಂತು. ಅದಕ್ಕೆ ಮುಂಚೆ ಇದ್ದದ್ದು ಗಾಂವಠಿ ಶಾಲೆ. ಗುಡಿಯ ಪೌಳಿಯಲ್ಲೋ ಐಗಳ ಮಠದಲ್ಲೋ ಸಾವಕಾರರ ಪಡಸಾಲೆಯಲ್ಲೋ ಹತ್ತಿಪ್ಪತ್ತು ಹುಡುಗರು ಕೂತು ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಲೆಕ್ಕ, ಮೋಡಿ ಬರಹ ಬಂದರೆ ಸಾಕಾಗಿತ್ತು. ಕಲಿಸುವವರಿಗೆ ಕಾಳುಕಡಿ, ಹಬ್ಬಕ್ಕೊಂದು ಧೋತರ. ಇಲ್ಲಿ ಯಾರು ಕಲಿಯಬಹುದು, ಯಾರು ಕಲಿಯಬಾರದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಗುಡಿಯೊಳಗೆ ಬಿಟ್ಟುಕೊಳ್ಳದವರನ್ನು ಗುಡಿಯ ಪೌಳಿಯ ಶಾಲೆಗೆ ಬಿಟ್ಟುಕೊಳ್ಳುವ ಮಾತೆಲ್ಲಿ?

ಕಂಪನಿ ಸರಕಾರ ಶಾಲೆ ತೆರೆದಾಗ ಅದರ ಗೋಡೆ ಹೊಸದು, ಪುಸ್ತಕ ಹೊಸದು. ಬರುವ ಹುಡುಗರು ಮಾತ್ರ ಅದೇ ಮನೆತನಗಳವರು. 1850ರ ದಶಕದಲ್ಲಿ ಮುಂಬಯಿ ಇಲಾಖೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಹಲವು ಶಾಲೆಗಳ ಖರ್ಚಿನಲ್ಲಿ ಒಂದು ಪಾಲನ್ನು ಊರಿನವರು ವಂತಿಗೆ ಹಾಕಿ ಕೊಡಬೇಕು, ಉಳಿದದ್ದು ಸರಕಾರದ್ದು. ವಂತಿಗೆ ಕೊಟ್ಟವರು ಶಾಲೆ ತಮ್ಮದೇ ಎಂದುಕೊಂಡರು. ಅದು ಸಹಜವೂ ಹೌದು. ಶಾಲೆ ತಮ್ಮದು ಎಂದು ಊರಿನವರಿಗೆ ಅನ್ನಿಸುವುದು ಒಳ್ಳೆಯದೇ. ಆದರೆ 'ನಮ್ಮದು' ಅಂದವರ ಲೆಕ್ಕದಲ್ಲಿ ಊರ ಹೊರಗಿನ ಕೇರಿ ಬರುತ್ತಿರಲಿಲ್ಲ. ಆ ಕೇರಿಯ ಹುಡುಗ ಬಾಗಿಲಿಗೆ ಬಂದು ನಿಂತಾಗ, ಈ ಹಕ್ಕು ಎಷ್ಟು ಜನರನ್ನು ಹೊರಗಿಟ್ಟಿದೆ ಎಂಬುದು ಮೊದಲ ಸಲ ಬೆಳಕಿಗೆ ಬಂತು.

ಮುಂಬಯಿ ಸರಕಾರದ ಠರಾವು 1856ರ ಜುಲೈ 21ರದು. ನಾನು ಅದನ್ನು ಮತ್ತೆ ಮತ್ತೆ ಓದಿದ್ದೇನೆ. ಅದರಲ್ಲಿ ಹುಡುಗನ ಹೆಸರಿಲ್ಲ, 'ಮಹಾರ ಅರ್ಜಿದಾರ' ಅಷ್ಟೇ. ಠರಾವು ಬರೆದವರು ಕ್ರೂರಿಗಳಾಗಿರಲಿಲ್ಲ. ಇದು ಬಹಳ ತೊಡಕಿನ ಪ್ರಶ್ನೆ ಎಂದು ಶುರುಮಾಡುತ್ತಾರೆ. ತಾತ್ವಿಕವಾಗಿ ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪುತ್ತಾರೆ. ಅವನಿಗೆ ಅಡ್ಡಿಯಾದ ಪೂರ್ವಗ್ರಹ ಬೇಗ ತೊಲಗಲಿ ಎಂದು ಹಾರೈಸುತ್ತಾರೆ. ಆಮೇಲೆ, ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ನಂಬಿಕೆಗೆ ದಿಢೀರನೆ ಕೈ ಹಾಕಿದರೆ ಶಿಕ್ಷಣಕ್ಕೇ ದೊಡ್ಡ ನಷ್ಟವಾದೀತು, ಈ ಅಡ್ಡಿಯನ್ನು ಹುಟ್ಟಿಸಿದ್ದು ಸರಕಾರವೇನೂ ಅಲ್ಲ, ಆದ್ದರಿಂದ ಸರಕಾರ ನಡುವೆ ಬಂದು ಅದನ್ನು ತೆಗೆಯಲಾರದು ಎಂದು ಮುಗಿಸುತ್ತಾರೆ.

ನನ್ನ ನೌಕರಿಯ ಉದ್ದಕ್ಕೂ ಈ ಠರಾವಿನ ಮಾತುಗಳನ್ನೇ ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. 'ನಿಮ್ಮ ಮಾತು ಖರೇ ಐತ್ರಿ, ಆದರ ಊರಾಗ ನಡೀಬೇಕಲ್ಲ?' ಎನ್ನುವವರಿದ್ದರು. 'ಒಬ್ಬರ ಸಲುವಾಗಿ ಎಲ್ಲಾರನೂ ಎದರ ಹಾಕ್ಕೋಬ್ಯಾಡ್ರಿ' ಎಂದು ಬುದ್ಧಿ ಹೇಳುವವರಿದ್ದರು. ಇವರಲ್ಲಿ ಕೆಟ್ಟವರು ಕಡಿಮೆ. ನ್ಯಾಯ ಗೊತ್ತಿದ್ದೂ ಅದನ್ನು ನಾಳೆಗೆ ಸರಿಸುವವರೇ ಹೆಚ್ಚು. ಹೊರಗೆ ನಿಂತ ಹುಡುಗನಿಗೆ ಮಾತ್ರ ನಾಳೆ ಎಂಬುದಿಲ್ಲ. ಶಾಲೆಗೆ ಸೇರುವ ವಯಸ್ಸು ಅವನಿಗೆ ಒಮ್ಮೆಯೇ ಬರುತ್ತದೆ. ಊರಿನ ಮನಸ್ಸು ಬದಲಾಗುವಷ್ಟರಲ್ಲಿ ಅವನ ಮಕ್ಕಳು ದನ ಕಾಯುತ್ತಿರುತ್ತಾರೆ.

ಕಲಕತ್ತೆಯಲ್ಲಿದ್ದ ಗವರ್ನರ್ ಜನರಲ್ ಸರಕಾರಕ್ಕೆ ಈ ಸುದ್ದಿ ತಲುಪಿತು. 1857ರ ಜನವರಿ 23ರಂದು ಅಲ್ಲಿಂದ ಬಂದ ಪತ್ರದ ಧಾಟಿ ಹೀಗಿತ್ತು: ಮುಂಬಯಿ ಸರಕಾರ ವಿವೇಕದಿಂದಲೇ ನಡೆದುಕೊಂಡಿರಬಹುದು, ಆದರೆ ಬಂಗಾಲ ಪ್ರಾಂತದ ಯಾವ ಸರಕಾರಿ ಶಾಲೆಯಲ್ಲೂ ಈ ಹುಡುಗನಿಗೆ ಪ್ರವೇಶ ಇಲ್ಲವೆನ್ನುತ್ತಿರಲಿಲ್ಲ. ಸಭ್ಯ ಭಾಷೆಯಲ್ಲಿ ಬರೆದ ಪತ್ರ, ಆದರೂ ಮುಂಬಯಿಗೆ ಅದು ನಾಟಿರಲೇಬೇಕು. ಮುಂದೆ ಕೆಲವೇ ತಿಂಗಳಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ದಂಗೆ ಎದ್ದಿತು. ಜನರ ಧರ್ಮ, ಜಾತಿ, ರೂಢಿಗಳಿಗೆ ಕೈ ಹಚ್ಚಿದ್ದೇ ಇದಕ್ಕೆ ಕಾರಣವೆಂದು ಇಂಗ್ಲಿಷ್ ಅಧಿಕಾರಿಗಳು ನಡುಗುತ್ತಿದ್ದ ಹೊತ್ತು. ಇಂಥ ಹೊತ್ತಿನಲ್ಲಿ ಅರ್ಜಿಯನ್ನು ಕಪಾಟಿನಲ್ಲಿಟ್ಟು ಮರೆತುಬಿಡುವುದು ಬಹಳ ಸುಲಭವಿತ್ತು.

ಹಾಗಾಗಲಿಲ್ಲ. 1858ರ ಏಪ್ರಿಲ್ 28ರಂದು ಲಂಡನ್ನಿನ ನಿರ್ದೇಶಕ ಮಂಡಳಿ ಮುಂಬಯಿಗೆ ಬರೆಯಿತು. ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು. ಈ ತತ್ವದಿಂದ ಹಿಂದೆ ಸರಿಯಲಾಗದು. ಇದರಿಂದ ಕೆಲವು ವಿದ್ಯಾರ್ಥಿಗಳು ಶಾಲೆ ಬಿಟ್ಟು ಹೋಗಬಹುದು, ಹೋಗಲಿ. ಒಪ್ಪದವರು ತಮ್ಮ ವಂತಿಗೆಯನ್ನು ನಿಲ್ಲಿಸಿ, ಅದೇ ದುಡ್ಡಿನಲ್ಲಿ ತಮಗೆ ಬೇಕಾದವರಿಗಷ್ಟೇ ಬೇರೆ ಶಾಲೆ ಕಟ್ಟಿಕೊಳ್ಳಲು ಸ್ವತಂತ್ರರು. ಸಾರಾಂಶ ಇಷ್ಟು. ಅದಾಗಿ ಕೆಲವು ತಿಂಗಳಲ್ಲಿ ಕಂಪನಿಯ ಆಳಿಕೆಯೇ ಮುಗಿದು ಅಧಿಕಾರ ರಾಣಿಯ ಸರಕಾರಕ್ಕೆ ಹೋಯಿತು. ಕಂಪನಿ ನಮ್ಮ ನಾಡಿಗೆ ಮಾಡಿದ ಲೂಟಿಯನ್ನು ನಾನು ಮರೆತಿಲ್ಲ, ಅದರ ಗುಣಗಾನ ನನ್ನ ಉದ್ದೇಶವೂ ಅಲ್ಲ. ಆದರೆ 'ಶಾಲೆ ಖಾಲಿಯಾದೀತು' ಎಂಬ ಬೆದರಿಕೆಗೆ ಇಷ್ಟು ನೇರವಾದ ಉತ್ತರವನ್ನು ನಾನು ಇನ್ನೆಲ್ಲೂ ಓದಿಲ್ಲ. ಆ ಉತ್ತರ ಹೊರಟದ್ದು ಲಂಡನ್ನಿನಿಂದ. ಅದನ್ನು ಹೊರಡಿಸಿದವನು ಮಾತ್ರ ಧಾರವಾಡದ ಹುಡುಗ.

ಧಾರವಾಡದ ಶಾಲಾ ಇತಿಹಾಸ ಹೇಳುವಾಗ ನಾವು ಡೆಪ್ಯುಟಿ ಚನ್ನಬಸಪ್ಪನವರನ್ನು ನೆನೆಯುತ್ತೇವೆ. ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದ ಪುಣ್ಯಾತ್ಮರು ಅವರು. ನೆನೆಯಲೇಬೇಕು. ಅವರಿಂದಾಗಿ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಕಲಿಯುವ ಭಾಗ್ಯ ಸಿಕ್ಕಿತು. ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಆ ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆಯಲಿ ಎಂದು ಕೇಳಿದವನ ಹೆಸರಿನಲ್ಲಿ ಒಂದು ಕೋಣೆಯಿಲ್ಲ, ಒಂದು ಫಲಕವಿಲ್ಲ. ಇವನನ್ನೂ ಅದೇ ಇತಿಹಾಸದಲ್ಲಿ ಸೇರಿಸಬೇಕು ಎಂಬುದು ನನ್ನ ವಾದ.

ಆಜ್ಞೆಯೇನೋ ಆಯಿತು. ಶಾಲೆಯೊಳಗೆ ಏನಾಯಿತು? ಹೆಸರು ದಾಖಲಾದ ಕಡೆ ಹುಡುಗರನ್ನು ಹೊರಗಿನ ಕಟ್ಟೆಯ ಮೇಲೆ, ಇಲ್ಲವೇ ಬಾಗಿಲ ಆಚೆ ಕೂಡಿಸಿದರು. ಮಾಸ್ತರರು ಪಾಟಿಯನ್ನು ಮುಟ್ಟದೆ ದೂರದಿಂದಲೇ ನೋಡಿ ತಪ್ಪು ಹೇಳುತ್ತಿದ್ದರು. ಕುಡಿಯುವ ನೀರನ್ನು ಯಾರಾದರೂ ಮೇಲಿನಿಂದ ಬೊಗಸೆಗೆ ಹೊಯ್ಯಬೇಕು. ಅಂಬೇಡ್ಕರರು ಬಾಲ್ಯದಲ್ಲಿ ಸಾತಾರೆಯ ಶಾಲೆಗೆ ತಮ್ಮ ಗೋಣಿತಟ್ಟನ್ನು ತಾವೇ ತಂದು ಬೇರೆ ಕೂತದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದು 1858ರ ಆಜ್ಞೆಯಾಗಿ ನಾಲ್ಕು ದಶಕ ಕಳೆದ ಮೇಲಿನ ಮಾತು. ಧಾರವಾಡದ ಅರ್ಜಿಗೂ ಮುಂಚೆಯೇ ಪುಣೆಯಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಸರಕಾರದ ದಾರಿ ಕಾಯದೆ ತಾವೇ ಶಾಲೆ ತೆರೆದಿದ್ದರು. 1848ರಲ್ಲಿ ಹೆಣ್ಣುಮಕ್ಕಳಿಗೆ, ಮುಂದೆ 1850ರ ದಶಕದ ಆರಂಭದಲ್ಲಿ ಮಹಾರ-ಮಾಂಗ ಮಕ್ಕಳಿಗೆ. 1882ರಲ್ಲಿ ಶಿಕ್ಷಣದ ಸ್ಥಿತಿ ಪರಿಶೀಲಿಸುವ ಹಂಟರ್ ಆಯೋಗ ಬಂದಾಗ ಫುಲೆ ಅದರ ಮುಂದೆ ನೇರವಾಗಿ ಕೇಳಿದರು: ರೈತ ಕೊಡುವ ತೆರಿಗೆಯ ದುಡ್ಡು ಮೇಲ್ಜಾತಿಯವರ ಉನ್ನತ ಶಿಕ್ಷಣಕ್ಕೆ ಖರ್ಚಾಗುತ್ತಿದೆಯಲ್ಲ, ಅದನ್ನು ಕೊಟ್ಟವನ ಮಗುವಿಗೆ ಏನು ಸಿಕ್ಕಿತು?

ಹಂಟರ್ ಆಯೋಗ ಹಳೆಯ ತತ್ವವನ್ನು ಎತ್ತಿಹಿಡಿಯಿತು. ಜಾತಿಯ ಕಾರಣಕ್ಕಷ್ಟೇ ಯಾವ ಹುಡುಗನಿಗೂ ಸರಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದು ಎಂದು ಮತ್ತೆ ಬರೆಯಿತು. ಜೊತೆಗೇ, ಆ ಜಾತಿಗಳ ಮಕ್ಕಳು ಸಾಕಷ್ಟಿರುವ ಕಡೆ ಅವರಿಗಾಗಿಯೇ ಬೇರೆ ಶಾಲೆ ತೆರೆಯಬಹುದು ಎಂದೂ ಹೇಳಿತು. ಈ ಬೇರೆ ಶಾಲೆಗಳ ಬಗ್ಗೆ ನನ್ನ ಮನಸ್ಸಿನಲ್ಲಿ ಎರಡು ಮಾತಿವೆ. ಅವು ಬೇರ್ಪಡಿಸುವ ಗೋಡೆಗಳೇ ಆಗಿದ್ದವು. ಆದರೆ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತು ಅವಮಾನ ಉಣ್ಣುವುದಕ್ಕಿಂತ, ಸೂರಿನ ಕೆಳಗೆ ಪ್ರೀತಿಯಿಂದ ಅಕ್ಷರ ಕಲಿಸುವವರು ಸಿಕ್ಕರೆ ಮಗು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಹುಡುಕುವ ಬದಲು ಮಂಗಳೂರಿನ ಕಡೆ ನೋಡಬೇಕು.

ಕುದ್ಮುಲ್ ರಂಗರಾಯರು ಹುಟ್ಟಿದ್ದು 1859ರಲ್ಲಿ. ಸಾರಸ್ವತ ಬ್ರಾಹ್ಮಣರು, ಮಂಗಳೂರಿನಲ್ಲಿ ವಕೀಲರು. 1892ರಲ್ಲಿ ಉರ್ವಾ ಚಿಲಿಂಬಿಯಲ್ಲಿ, ಆಗ ಪಂಚಮರೆಂದು ಕರೆಯುತ್ತಿದ್ದ ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದರು. ಸುತ್ತಲಿನವರ ವಿರೋಧಕ್ಕೆ ಶಾಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಕಾಗಿ ಬಂತು. ಸ್ವಂತ ಸಮಾಜ ಅವರನ್ನು ಹೊರಗಿಟ್ಟಿತು. ಆದರೂ ಅವರು ಬಿಡಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಯ ಜೊತೆಗೆ ನೇಯ್ಗೆ, ಬಡಗಿ ಕೆಲಸ ಕಲಿಸಿದರು, ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು. ಮಕ್ಕಳು ಶಾಲೆಗೆ ಬರಲೆಂದು ದಿನಾ ಎರಡು ಪೈಸೆ ಕೊಡುತ್ತಿದ್ದರು, ಮಧ್ಯಾಹ್ನ ಊಟ ಹಾಕುತ್ತಿದ್ದರು ಎಂದು ಆ ಕಡೆಯವರು ಇಂದಿಗೂ ಹೇಳುತ್ತಾರೆ. ಕೂಲಿಗೆ ಹೋಗುವ ಮಗುವನ್ನು ಶಾಲೆಗೆ ಕರೆಯುವವರು ಮೊದಲು ಅದರ ಹಸಿವಿಗೂ ಅದರ ಮನೆಯ ಕೂಲಿಗೂ ಲೆಕ್ಕ ಹೇಳಬೇಕು. ಬಾಗಿಲು ತೆರೆದಿಟ್ಟು 'ಬರುವವರು ಬರಲಿ' ಎಂದು ಕೂತರೆ ಆ ಮಕ್ಕಳು ಬರುವುದಿಲ್ಲ. ಇದನ್ನು ರಂಗರಾಯರು ಯಾವ ಆಯೋಗಕ್ಕಿಂತಲೂ ಮೊದಲು ಅರಿತಿದ್ದರು. ದಲಿತರ ಮಗುವೊಂದು ಓದಿ ಸರಕಾರಿ ಹುದ್ದೆಗೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಅದರ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಹಂಬಲವಾಗಿತ್ತು. ಅದನ್ನೇ ಅವರ ಸಮಾಧಿಯ ಮೇಲೆ ಬರೆಸಿದ್ದಾರೆ. 1928ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಅವರ ದೇಹವನ್ನು ದಲಿತರೇ ಹೊತ್ತರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ, ಈ ಕೆಲಸದಲ್ಲಿ ರಂಗರಾಯರು ತಮಗೆ ಗುರು ಎಂದರು.

ಮೈಸೂರು ಸಂಸ್ಥಾನದ ಕಥೆ ಬೇರೆ. ಅಲ್ಲಿ ಶಿಕ್ಷಣ ಇಲಾಖೆಯ ರೈಸ್ ಸಾಹೇಬರು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದಿದ್ದರು. ಪಂಚಮರಿಗೆ ಪ್ರತ್ಯೇಕ ಶಾಲೆಗಳೂ ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರ ಸುಮಾರಿಗೆ ಎಲ್ಲ ಸರಕಾರಿ ಶಾಲೆಗಳನ್ನೂ ಪಂಚಮರ ಮಕ್ಕಳಿಗೆ ತೆರೆಯಲಾಯಿತು. ವಿರೋಧವೂ ಬಂತು, ಕೆಲವರು ಮಕ್ಕಳನ್ನು ಬಿಡಿಸಿಕೊಂಡರು. ಸರಕಾರ ಜಗ್ಗಲಿಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ, ಹಿಂದುಳಿದವರಿಗೆ ನೌಕರಿಯಲ್ಲೂ ಜಾಗ ಸಿಗಬೇಕು ಎಂಬ ಮಾತು ಶುರುವಾಯಿತು. ಓದಿದ ಮೇಲೆ ಏನು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಬಡವರ ಮಕ್ಕಳು ಶಾಲೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಮೈಸೂರು ಬೇಗ ಕಂಡುಕೊಂಡಿತು.

ನಮ್ಮ ಕಡೆ, ಮುಂಬಯಿ ಇಲಾಖೆಯಲ್ಲಿ, ನಡಿಗೆ ನಿಧಾನ. 1923ರ ಆಗಸ್ಟ್‌ನಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಮಂಡಿಸಿದ ಠರಾವು ಪಾಸಾಯಿತು: ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ, ಕೋರ್ಟು, ದವಾಖಾನೆ, ಶಾಲೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು. ಮುಂದೆ ಅಂಬೇಡ್ಕರರು ನಡೆಸಿದ ಮಹಾಡದ ಕೆರೆ ಸತ್ಯಾಗ್ರಹಕ್ಕೆ ಆಧಾರವಾದದ್ದು ಇದೇ ಠರಾವು. 1928ರಲ್ಲಿ ಓ. ಎಚ್. ಬಿ. ಸ್ಟಾರ್ಟ್ ಅಧ್ಯಕ್ಷತೆಯಲ್ಲಿ, ಅಸ್ಪೃಶ್ಯರ ಸ್ಥಿತಿಗತಿ ತಿಳಿಯಲು ಸಮಿತಿಯೊಂದು ನೇಮಕವಾಯಿತು. ಅಂಬೇಡ್ಕರರು ಅದರ ಸದಸ್ಯರು. 1930ರಲ್ಲಿ ವರದಿ ಬಂತು. ಊರೂರು ತಿರುಗಿದ ಆ ಸಮಿತಿಗೆ, 1858ರಲ್ಲೇ ತೀರ್ಮಾನವಾಗಿದ್ದ ಸಂಗತಿ ಹಳ್ಳಿಗಳ ಶಾಲೆಯಲ್ಲಿ ಇನ್ನೂ ಜಾರಿಯಾಗಿಲ್ಲ ಎಂಬುದು ಕಂಡಿತು.

ಅದೇ 1928ರಲ್ಲಿ ಅಂಬೇಡ್ಕರರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಸರಕಾರದ ನೆರವಿನಿಂದ ಐದು ವಿದ್ಯಾರ್ಥಿ ನಿಲಯಗಳು: ಪನವೇಲ, ಠಾಣೆ, ನಾಸಿಕ, ಪುಣೆ, ಐದನೆಯದು ಧಾರವಾಡ. ಒಬ್ಬ ಹುಡುಗನಿಗೆ ಶಾಲೆಯಲ್ಲಿ ಜಾಗವಿಲ್ಲವೆಂದ ಊರಿನಲ್ಲಿ, ಸುಮಾರು ಎಪ್ಪತ್ತು ವರ್ಷಗಳ ಬಳಿಕ, ಅಂಥ ಹುಡುಗರು ಇದ್ದು, ಉಂಡು, ಓದುವುದಕ್ಕೆ ಮನೆಯಾಯಿತು. ಶಾಲೆಯ ಬಾಗಿಲು ತೆರೆದರೂ ಹಳ್ಳಿಯಿಂದ ಬಂದ ಬಡ ಹುಡುಗ ರಾತ್ರಿ ಎಲ್ಲಿ ಮಲಗಬೇಕು? ಊರಲ್ಲಿ ಯಾರೂ ಬಾಡಿಗೆಗೆ ಕೋಣೆ ಕೊಡುವುದಿಲ್ಲ, ಖಾನಾವಳಿಯಲ್ಲಿ ಊಟ ಬಡಿಸುವುದಿಲ್ಲ. ಎಷ್ಟೋ ಮಕ್ಕಳ ಶಾಲೆ ನಿಂತದ್ದು ತರಗತಿಯ ಹೊರಗಿನ ಇಂಥ ಕಾರಣಗಳಿಗೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳ ಬಗ್ಗೆ ಕೊಂಕು ಮಾತಾಡುವವರು ಈ ಹಿನ್ನೆಲೆ ತಿಳಿಯಬೇಕು.

ಸ್ವಾತಂತ್ರ್ಯ ಬಂದ ಮೇಲಿನದು ಎಲ್ಲರಿಗೂ ತಿಳಿದದ್ದೇ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 29ನೇ ವಿಧಿ, ಸರಕಾರ ನಡೆಸುವ ಅಥವಾ ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಯಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದು ಎಂದಿತು. 1955ರ ಕಾಯಿದೆ ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹ ಅಪರಾಧ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕಾಯಿತು, ದುರ್ಬಲ ವರ್ಗದ ಮಗುವಿಗೆ ಶಾಲೆಯೊಳಗೆ ಭೇದವಾಗದಂತೆ ನೋಡಿಕೊಳ್ಳುವುದು ಸರಕಾರದ ಹೊಣೆಯಾಯಿತು.

ಇನ್ನು ನಾನು ಕಣ್ಣಾರೆ ಕಂಡದ್ದು. ನಮ್ಮ ಭಾಗದ ಹಳೆಯ ಶಾಲೆಗಳಲ್ಲಿ ಜನರಲ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕ ಇರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು, ಸೇರಿದ ತಾರೀಖು, ಇಯತ್ತೆ, ಬಿಟ್ಟ ತಾರೀಖು, ಬಿಟ್ಟ ಕಾರಣ. ಹಳೆಯ ವಿದ್ಯಾರ್ಥಿಗಳು ಜನ್ಮ ದಾಖಲೆಗೆಂದು ಬಂದಾಗಲೆಲ್ಲ ಆ ಪುಸ್ತಕ ಬಿಚ್ಚಬೇಕಾಗುತ್ತಿತ್ತು. ಮಸಿ ಕಂದಿದ ಪುಟಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತಿತ್ತು. ಕೇರಿಯ ಮಕ್ಕಳು ಜೂನ್‌ನಲ್ಲಿ ಸೇರಿ ದೀಪಾವಳಿಯೊಳಗೆ ಬಿಟ್ಟಿರುತ್ತಿದ್ದರು. ಬಿಟ್ಟ ಕಾರಣದ ಕಾಲಮಿನಲ್ಲಿ ಒಂದೇ ಮಾತು: ಸತತ ಗೈರುಹಾಜರಿ. ಮುಂದಿನ ಹೆಸರು, ಗೈರುಹಾಜರಿ. ಅದರ ಮುಂದಿನದೂ ಅದೇ. ಆ ಮಗುವಿನ ಪಕ್ಕ ಯಾರೂ ಕೂಡುತ್ತಿರಲಿಲ್ಲ, ನೀರಿನ ಕೊಡ ಮುಟ್ಟಿದ್ದಕ್ಕೆ ಏಟು ಬಿತ್ತು, ಸುಗ್ಗಿಯಲ್ಲಿ ಗೌಡರ ಹೊಲಕ್ಕೆ ಕರೆದರು ಎಂದು ಬರೆಯಲು ಆ ಕಾಲಮಿನಲ್ಲಿ ಜಾಗವಿರಲಿಲ್ಲ. ಶಾಲೆ ಮಗುವನ್ನು ಹೊರಗೆ ಹಾಕಿದ್ದು ದಾಖಲೆಯಲ್ಲಿ ಮಗುವೇ ಶಾಲೆ ಬಿಟ್ಟ ಹಾಗೆ ಉಳಿದಿದೆ.

ಬಿಸಿಯೂಟ ಬಂದದ್ದು 2002ರಲ್ಲಿ. ಹಿಂದಿನ ವರ್ಷ ಸುಪ್ರೀಂ ಕೋರ್ಟು ಕೊಟ್ಟ ಆದೇಶದ ಮೇರೆಗೆ ಮೊದಲು ಕರ್ನಾಟಕದ ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಆಮೇಲೆ ರಾಜ್ಯಕ್ಕೆಲ್ಲ. 2004ರಲ್ಲಿ ಅದೇ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕು ಎಂದಿತು. ಆ ಮಾತಿನ ತೂಕ ನನಗೆ ಗೊತ್ತಾದದ್ದು ನಾನಿದ್ದ ಒಂದು ಹಳ್ಳಿಯಲ್ಲಿ. ಅಡುಗೆಗೆ ಬಂದವಳು ಕೇರಿಯ ವಿಧವೆ. ಕೈ ಶುದ್ಧ, ಅಡುಗೆ ರುಚಿ. ಮೊದಲ ವಾರವೇ ಊರಿನ ಹಿರಿಯರು ಶಾಲೆಗೆ ಬಂದರು. 'ಅಕ್ಕೋರ, ಆಕಿ ಮಾಡಿದ ಅಡಗಿ ನಮ್ಮ ಹುಡುಗೂರು ಉಣ್ಣೂದಿಲ್ರಿ. ಬ್ಯಾರೇದಾರನ್ನ ಹಚ್ಚರಿ. ಇಲ್ಲಂದ್ರ ಎಲ್ಲಾರದೂ ದಾಖಲೆ ಕೊಡ್ರಿ, ಸಾಲಿ ಖಾಲಿ ಆಕ್ಕೈತಿ' ಎಂದರು. ಮೇಲಿನವರಿಂದಲೂ, ಸ್ವಲ್ಪ ಹೊಂದಿಕೊಂಡು ಹೋಗಿ ಎಂಬ ಸೂಚನೆ ಬಂತು.

ನಾನು ಅವಳನ್ನು ಬದಲಿಸಲಿಲ್ಲ. ಮರುದಿನದಿಂದ ನಾವು ಮೂವರು ಶಿಕ್ಷಕರೂ ಮಕ್ಕಳ ಪಂಕ್ತಿಯಲ್ಲೇ ತಾಟು ಹಿಡಿದು ಕೂತೆವು. ಅನ್ನ, ಸಾರು, ವಾರಕ್ಕೊಮ್ಮೆ ಉಪ್ಪಿಟ್ಟು. ಮೊದಮೊದಲು ಅರ್ಧ ಮಕ್ಕಳು ಡಬ್ಬಿ ತಂದರು, ಕೆಲವರು ಮನೆಗೆ ಓಡಿ ಹೋಗಿ ಉಂಡು ಬಂದರು. ಸಣ್ಣವರು ಮೊದಲು ಸೋತರು; ಒಗ್ಗರಣೆಯ ವಾಸನೆ ಬಂದರೆ ಒಂದನೇ ಇಯತ್ತೆಯ ಮಗು ಜಾತಿ ನೆನಪಿಡುವುದಿಲ್ಲ. ಒಬ್ಬಳು ಹುಡುಗಿ ಡಬ್ಬಿಯ ರೊಟ್ಟಿಯನ್ನು ಗೆಳತಿಗೆ ಕೊಟ್ಟು ಅವಳ ತಾಟಿನ ಅನ್ನಕ್ಕೆ ಕೈ ಹಾಕಿದ್ದನ್ನು ನಾನು ನೋಡಿಯೂ ನೋಡದ ಹಾಗೆ ಕೂತೆ. ಬನ್ನಿ ಹಬ್ಬ ಬರುವ ಹೊತ್ತಿಗೆ ಡಬ್ಬಿಗಳು ಕಡಿಮೆಯಾದವು, ಸಂಕ್ರಾಂತಿಗೆ ಇಲ್ಲವಾದವು. ಒಂದು ಮನೆಯವರು ದಾಖಲೆ ತೆಗೆದುಕೊಂಡು ಹೋದರು. ಶಾಲೆ ಖಾಲಿಯಾಗಲಿಲ್ಲ. ಇಂಥ ಕಡೆ ಹಟ ಹಿಡಿಯುವುದು ನನ್ನಂಥ ಒಬ್ಬಳ ದೊಡ್ಡಸ್ತಿಕೆಯಲ್ಲ. ಅವತ್ತು ನನ್ನ ಬೆನ್ನಿಗೆ ಕೋರ್ಟಿನ ಆದೇಶವಿತ್ತು, ಸಂವಿಧಾನವಿತ್ತು. 1856ರ ಹುಡುಗನ ಬೆನ್ನಿಗೆ ಯಾರೂ ಇರಲಿಲ್ಲ.

ಮಗುವನ್ನು ಹೊರಗಿಡುವುದು ಜಾತಿಯೊಂದೇ ಅಲ್ಲ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಅದು ಮೊದಲ ವರ್ಷ ಬಾಯಿ ಬಿಡದಿದ್ದರೆ ದಡ್ಡ ಎಂದುಬಿಡುತ್ತೇವೆ. ಕಬ್ಬು ಕಡಿಯಲು ಹೋಗುವ ಮನೆಯ ಮಗು ದಸರೆ ರಜೆಯ ಬಳಿಕ ಕಾಣುವುದೇ ಯುಗಾದಿಗೆ. ಕಾಲು ಸ್ವಾಧೀನವಿಲ್ಲದ ಮಗುವಿಗೆ ಎರಡು ಮೆಟ್ಟಿಲು ಸಾಕು, ಇಡೀ ಶಾಲೆಯೇ ಮುಚ್ಚಿದ ಹಾಗೆ. ಈಗ ಹೆಚ್ಚಿನ ಶಾಲೆಗಳಲ್ಲಿ ಇಳಿಜಾರು ಕಟ್ಟಿದ್ದಾರೆ, ಹೆಣ್ಣುಮಕ್ಕಳಿಗೆ ಶೌಚಾಲಯ ಬಂದಿದೆ. ಸಿಮೆಂಟಿನ ಕೆಲಸ ಸರಕಾರ ಮಾಡಬಲ್ಲದು. ಯಾವ ಮಗು ಯಾರ ಪಕ್ಕ ಕೂಡಬೇಕು, ಯಾರ ಹೆಸರನ್ನು ಅಕ್ಕೋರು ಪ್ರೀತಿಯಿಂದ ಕರೆಯಬೇಕು ಎಂಬುದನ್ನು ಮಾತ್ರ ಸುತ್ತೋಲೆ ಕಳಿಸಿ ಆಗಿಸಲಾಗುವುದಿಲ್ಲ.

ನನಗೆ ಇಂದು ಹೆಚ್ಚು ಕಾಡುವುದು ಬೇರೆಯದೇ. ಒಪ್ಪದವರು ತಮ್ಮ ದುಡ್ಡಿನಲ್ಲಿ ಬೇರೆ ಶಾಲೆ ಕಟ್ಟಿಕೊಳ್ಳಲಿ ಎಂದು 1858ರಲ್ಲಿ ಬರೆದರಲ್ಲ, ನಮ್ಮ ಕಾಲದಲ್ಲಿ ಅದೇ ಆಗಿದೆ. ಜಗಳವಿಲ್ಲದೆ, ಅರ್ಜಿಯಿಲ್ಲದೆ, ಕೈಯಲ್ಲಿ ನಾಲ್ಕು ದುಡ್ಡಿರುವ ಎಲ್ಲರೂ ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿ ಖಾಸಗಿ ಇಂಗ್ಲಿಷ್ ಶಾಲೆಗೆ ಕಳಿಸಿದರು. ಅವರನ್ನು ನಾನು ದೂರುವುದಿಲ್ಲ. ಮಗುವಿನ ಭವಿಷ್ಯದ ಚಿಂತೆ ಯಾರಿಗಿಲ್ಲ? ಆದರೆ ಊರಿನ ಗೌಡರ, ಮಾಸ್ತರರ, ಅಂಗಡಿಯವರ ಮಕ್ಕಳು ಹೋದ ಮೇಲೆ ಶಾಲೆಯ ಸೋರುವ ಮಾಳಿಗೆಯ ಬಗ್ಗೆ ಪಂಚಾಯಿತಿಯಲ್ಲಿ ದನಿ ಎತ್ತುವವರಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾಯಿತೆಂದು ಶಾಲೆಗಳನ್ನು ಪಕ್ಕದೂರಿನ ಶಾಲೆಗೆ ವಿಲೀನ ಮಾಡುತ್ತಾರೆ. ಯಾವ ಬಾಗಿಲಿಗಾಗಿ ಒಂದು ಕೇರಿಯ ಮಕ್ಕಳು ನೂರು ವರ್ಷ ಕಾದರೋ, ಆ ಬಾಗಿಲಿನಿಂದ ಅವರು ಒಳಗೆ ಬರುವ ಹೊತ್ತಿಗೆ ಉಳಿದವರು ಹೊರಗೆ ಹೋಗುತ್ತಿದ್ದಾರೆ. ಎಲ್ಲರ ಮಕ್ಕಳೂ ಒಂದೇ ಹಾಸಿನ ಮೇಲೆ ಕೂತು ಕಲಿಯುವ ಶಾಲೆ ನಮ್ಮಲ್ಲಿ ಇನ್ನೂ ಆಗಬೇಕಾಗಿದೆ.

ನೀವು 1ನೇ ತರಗತಿಗೆ ಮಗುವನ್ನು ಸೇರಿಸುವವರಾಗಿದ್ದರೆ, ಬೇರೆ ಕಡೆ ಅರ್ಜಿ ಹಾಕುವ ಮುನ್ನ ನಿಮ್ಮೂರಿನ ಸರಕಾರಿ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ಮಕ್ಕಳು ಹೇಗೆ ಕೂತಿದ್ದಾರೆ ನೋಡಿ, ಸಾಧ್ಯವಾದರೆ ಅವರ ಜೊತೆ ಎರಡು ತುತ್ತು ಉಣ್ಣಿ. ಮಕ್ಕಳಿಲ್ಲದವರು, ಮಕ್ಕಳು ದೊಡ್ಡವರಾದವರು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷರನ್ನು ಕಂಡು ಶಾಲೆಗೆ ಏನು ಬೇಕೆಂದು ಕೇಳಿ. ಧಾರವಾಡದವರಿಗೆ ನನ್ನದೊಂದು ಹೆಚ್ಚಿನ ಕೋರಿಕೆ ಇದೆ. 1856ರಲ್ಲಿ ನಮ್ಮೂರಿನ ಒಬ್ಬ ಹುಡುಗ ಹಾಕಿದ ಅರ್ಜಿಯ ಸಂಗತಿಯನ್ನು ನಾಲ್ಕು ಸಾಲಿನಲ್ಲಿ ಬರೆದು, ಇಲ್ಲಿನ ಪ್ರತಿ ಸರಕಾರಿ ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಹಾಕಿಸೋಣ.